ಮಳೆ ಕೇಳಿಸದ ಮಾಡು

ಹೂಮಳೆ ಬಾರದಿರಲಿ ಎಂದು ದೇವರಲ್ಲಿ ಬೇಡಿಕೊಂಡ ಮನುಷ್ಯ ಕಾಫಿ ಬೆಳೆಯುವ ಈ ಸೀಮೆಯಲ್ಲಿ ಯಾವನಾದರೂ ಇದ್ದಾನೆಯೇ?

ಇದ್ದಾನೆ. ಅವನು ಬರೆದದ್ದನ್ನೇ ನೀವೀಗ ಓದುತ್ತಿದ್ದೀರಿ.

ಮಾರ್ಚ್ ತಿಂಗಳಲ್ಲಿ ಹದವಾಗಿ ಒಂದು ಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ; ಅದೇ ಹೂಮಳೆ. ಬೀಳದಿದ್ದರೆ ಮುಂದಿನ ಫಸಲಿಗೆ ದೂರದಿಂದಲೇ ಕೈಮುಗಿಯಬೇಕು. ಈ ಸಲ ಮೂಡಿಗೆರೆಯಿಂದ ಕಳಸದವರೆಗೆ ಎಲ್ಲರೂ ಆಕಾಶ ನೋಡುತ್ತಿದ್ದಾಗ ನಾನೊಬ್ಬ ಮಾತ್ರ ನೆಲ ನೋಡುತ್ತಿದ್ದೆ. ಕಾರಣ, ತಲೆಯ ಮೇಲಿನ ಒಂದು ಮಾಡು.

ಅಕ್ಕನ ಮನೆ ಗೋಣಿಬೀಡಿನ ಹತ್ತಿರ. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಸಹಾಯವಾಗಲಿ ಎಂದು ನಾನು ಅಲ್ಲಿಗೆ ಹೋಗಿ ನೆಲೆಸಿದೆ. (ಯಾರಿಂದ ಯಾರಿಗೆ ಸಹಾಯವಾಯಿತು ಎಂಬುದು ಊಟದ ಹೊತ್ತಿಗೆ ಬಂದವರಿಗೆ ತಾನೇ ಗೊತ್ತಾಗುತ್ತದೆ.) ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ತೋಟದಲ್ಲಿ ಏನು ಕೆಲಸ ಕೊಡುವುದು? ಅಕ್ಕ ಯೋಚಿಸಿ ಒಂದು ಕೊಟ್ಟಳು. ಮಳೆ ಅಳೆಯುವುದು. ಅಂಗಳದ ಮೂಲೆಯಲ್ಲಿ ಕಂಬದ ಮೇಲಿರುವ ರೇನ್‌ಗೇಜ್ ನೋಡಿ, ಇಷ್ಟು ಇಂಚು, ಇಷ್ಟು ಸೆಂಟ್ಸ್ (ನೂರು ಸೆಂಟ್ಸ್‌ಗೆ ಒಂದು ಇಂಚು) ಎಂದು ಹೇಳುವುದು. ನಮ್ಮ ಕಡೆ ಮಳೆ ನಿಂತ ತಕ್ಷಣ ಫೋನುಗಳು ಶುರುವಾಗುತ್ತವೆ. "ನಿಮ್ಮಲ್ಲಿ ಎಷ್ಟು?" ಕೆಲವರು ಪಕ್ಕದ ತೋಟಕ್ಕಿಂತ ಕಡಿಮೆಯಾಗಬಾರದೆಂದು ನಾಲ್ಕು ಸೆಂಟ್ಸ್ ಸೇರಿಸಿ ಹೇಳುವುದೂ ಉಂಟು. ನಾನು ಎಂದೂ ಸೇರಿಸಿದವನಲ್ಲ. "ನಮ್ಮ ಚಂದ್ರ ಮಳೆ ವಿಷಯದಲ್ಲಿ ಸುಳ್ಳು ಹೇಳಲ್ಲ" ಎಂದು ಅಕ್ಕ ನೆಂಟರ ಮುಂದೆ ಹೇಳುತ್ತಿದ್ದಳು. ನನ್ನ ಬಗ್ಗೆ ಹೊಗಳಿ ಹೇಳಲು ಅವಳಿಗಿದ್ದದ್ದು ಅದೊಂದೇ ಮಾತು.

ಇನ್ನು ಮಾಡಿನ ವಿಷಯ.

ಅಕ್ಕನ ಮನೆಗೆ ಅಂಟಿಕೊಂಡಂತೆ ಒಂದು ಗ್ಲಾಸ್ ರೂಮ್ ಇದೆ. ಭಾವ ಯಾವುದೋ ದೊಡ್ಡ ಎಸ್ಟೇಟಿನ ಬಂಗಲೆಯಲ್ಲಿ ಅಂಥದ್ದನ್ನು ಕಂಡು ಆಸೆಪಟ್ಟು, ಅಕ್ಕನ ಆಂಥೂರಿಯಂ ಹೂಕುಂಡಗಳಿಗೆಂದು ಕಟ್ಟಿಸಿದ್ದು. ಮೂರು ಕಡೆ ಗಾಜು, ತಲೆಯ ಮೇಲೆ ಬೆಳಕು ಬಿಡುವ ಫೈಬರ್ ಶೀಟ್. ನೋಡಲು ಬಹಳ ಚಂದ. ಆದರೆ ಬೇಸಿಗೆಯಲ್ಲಿ ಒಳಗೆ ಹಪ್ಪಳ ಒಣಗಿಸಬಹುದು. ಮಳೆಗಾಲದಲ್ಲಿ ಡೋಲಿನೊಳಗೆ ಕೂತ ಹಾಗೆ. ಮನೆಯ ಫೋನ್ ಇದ್ದದ್ದೂ ಅಲ್ಲೇ. ಯಾರಾದರೂ ಫೋನ್ ಮಾಡಿದರೆ "ಮಳೆ ನಿಂತ ಮೇಲೆ ಮಾಡಿ" ಎಂದು ಕಿರುಚಿ ಇಟ್ಟುಬಿಡಬೇಕು. ಮಳೆ ನಿಲ್ಲುವುದು ಸೆಪ್ಟೆಂಬರಿನಲ್ಲಿ.

ಅದೇ ರೂಮಿನ ಎದುರಿಗೆ ಕಾಫಿ ಒಣಗಿಸುವ ಕಣ. ಅಕಾಲದಲ್ಲಿ ಒಂದು ಹನಿ ಬಿದ್ದರೂ ಸಾಕು, ಶೀಟಿನ ಮೇಲೆ ಕಲ್ಲು ಬಿದ್ದಂತೆ ಸದ್ದಾಗುತ್ತಿತ್ತು. ಅಡುಗೆಮನೆಯಲ್ಲಿದ್ದ ಅಕ್ಕ ಸೌಟು ಹಿಡಿದುಕೊಂಡೇ ಓಡುತ್ತಿದ್ದಳು, ಟಾರ್ಪಾಲ್ ಎಳೆಯಲು. ಆ ಶೀಟು ಸಂಬಳವಿಲ್ಲದ ವಾಚ್‌ಮನ್.

ನನಗೆ ಆ ವಾಚ್‌ಮನ್ ಹಿಡಿಸಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿರುವ ಆರಾಮಕುರ್ಚಿಯಲ್ಲಿ ಕಾಲು ಚಾಚಿದರೆ ಬೆವರು. ಪತ್ರಿಕೆಯ ಈ ಅಂಕಣವನ್ನು ಯೋಚಿಸುವುದೂ ಅಲ್ಲೇ ಆದ್ದರಿಂದ ಸಾಹಿತ್ಯಕ್ಕೂ ತೊಂದರೆ. ಆಗಲೇ ಆಲ್ದೂರಿನ ರಫೀಕ್ ಎಂಬ ಫ್ಯಾಬ್ರಿಕೇಶನ್‌ನವನ ಅಂಗಡಿಯಲ್ಲಿ ಪಫ್ ಶೀಟ್ ನೋಡಿದೆ. ಎರಡು ತಗಡಿನ ನಡುವೆ ದಪ್ಪ ಫೋಮ್. ಹೋಮ್‌ಸ್ಟೇ ಮಾಡುವವರೆಲ್ಲ ಈಗ ಅದನ್ನೇ ಕೇಳುತ್ತಿದ್ದಾರಂತೆ.

"ಬಿಸಿಲು ಕೆಳಗೆ ಇಳಿಯಲ್ಲ ಅಣ್ಣ. ಮಳೆ ಸದ್ದೂ ಕಡಿಮೆ ಆಗ್ತದೆ. ಪೂರ್ತಿ ಹೋಗಲ್ಲ, ಕಡಿಮೆ ಆಗ್ತದೆ" ಅಂದ ರಫೀಕ್.

ಮನೆಗೆ ಬಂದು ಅಕ್ಕನಿಗೆ ಹೇಳುವಾಗ ಕೊನೆಯ ವಾಕ್ಯ ದಾರಿಯಲ್ಲೇ ಉಳಿಯಿತು.

"ಪಿನ್ ಡ್ರಾಪ್ ಸೈಲೆನ್ಸ್ ಅಕ್ಕ" ಅಂದೆ.

"ಅಲ್ಲ ಮಾರಾಯ, ಸದ್ದೇ ಇಲ್ಲ ಅಂದ್ರೆ ಕಣದಲ್ಲಿ ಕಾಫಿ ಇದ್ದಾಗ ಮಳೆ ಬಂದಿದ್ದು ಗೊತ್ತಾಗೋದು ಹೆಂಗೆ?"

"ಮೂರು ಕಡೆ ಗಾಜು ಯಾಕಿರೋದು? ಕಣ್ಣಿಲ್ವಾ ನಮಗೆ?"

(ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮರೆತೆ.)

ಅಕ್ಕ ಒಪ್ಪಿದಳು. ತಮ್ಮ ಒಂದು ಆಸೆ ಹೇಳಿದರೆ ಅವಳು ಬೇಡ ಅಂದದ್ದೇ ಇಲ್ಲ. ಖರ್ಚು ಅವಳದು, ಐಡಿಯಾ ನನ್ನದು. ರಫೀಕ್ ಬಂದ, ಹಳೆಯ ಶೀಟು ಬಿಚ್ಚಿದ, ಹೊಸದು ಕೂರಿಸಿದ. ಮೇಲಿನ ಬೆಳಕು ಹೋಯಿತೆಂದು ಆಂಥೂರಿಯಂ ಕುಂಡಗಳು ಹೊರಗೆ ಜಗಲಿಗೆ ಹೋದವು. ಆರಾಮಕುರ್ಚಿ ರೂಮಿನ ಮಧ್ಯಕ್ಕೆ ಬಂತು. ಹೂವಿನ ಮನೆ ನನ್ನ ಮನೆಯಾದದ್ದು ಹೀಗೆ. ಎಂಥ ತಂಪು ಅಂತೀರಿ!

ಫೆಬ್ರವರಿಯ ಒಂದು ಸಂತೆ ದಿನ. ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಅಕ್ಕ ನೆಂಟರ ಗೃಹಪ್ರವೇಶಕ್ಕೆಂದು ಬಾಳೂರಿಗೆ ಹೊರಟಳು. ಕಣದ ತುಂಬ ಚೆರಿ ಕಾಫಿ, ಸಿಪ್ಪೆಯೊಂದಿಗೇ ಒಣಗಿ ಗಲಗಲ ಅನ್ನುತ್ತಿತ್ತು. ಮರುದಿನ ಚೀಲಕ್ಕೆ ತುಂಬುವುದೆಂದು ಮಾತಾಗಿತ್ತು.

ಜೀಪು ಹತ್ತುವಾಗ ಅಕ್ಕ ಪಡುವಣಕ್ಕೆ ನೋಡಿದಳು. "ಯಾಕೋ ಮೋಡ ಕಾಣ್ತದೆ. ಕಣದ ಮೇಲೆ ಒಂದು ಕಣ್ಣಿರಲಿ ಚಂದ್ರ."

"ನೀನು ಹೋಗಿ ಬಾ ಅಕ್ಕ. ನಾನಿಲ್ವಾ?"

ಇದ್ದೆ. ಊಟ ಮಾಡಿ ಆರಾಮಕುರ್ಚಿಯಲ್ಲಿದ್ದೆ. ಕಣ್ಣು ಎಳೆಯುತ್ತಿದ್ದಾಗ ತಲೆಯ ಮೇಲೆ ಸದ್ದಾಯಿತು. ಯಾರೋ ಮೊರದಲ್ಲಿ ಅಕ್ಕಿಯನ್ನು ಮೆಲ್ಲಗೆ ಆಡಿಸಿದ ಹಾಗೆ. ಓ, ಮಳೆ! ಎಷ್ಟು ಮೆತ್ತಗೆ ಕೇಳುತ್ತಿದೆ! ಹಳೆಯ ಶೀಟಾಗಿದ್ದರೆ ಇಷ್ಟು ಹೊತ್ತಿಗೆ ಕಿವಿ ತೂತಾಗುತ್ತಿತ್ತು. ಅಕ್ಕನಿಗೆ ಇದನ್ನು ಕೇಳಿಸಬೇಕು, ಪಫ್ ಶೀಟ್ ಅಂದರೆ ಏನೆಂದು ಅವಳಿಗೆ ಆಗ ಗೊತ್ತಾಗುತ್ತದೆ, ಎಂದುಕೊಂಡೆ. ಹೆಮ್ಮೆಯಾಯಿತು. ಹೆಮ್ಮೆಗೆ ಒಳ್ಳೆಯ ನಿದ್ದೆ ಬರುತ್ತದೆ.

ಮಾಡಿನ ಮೇಲೆ ಬೀಳುವ ಮಳೆ ಕಣದ ಮೇಲೂ ಬೀಳುತ್ತದೆ ಎಂಬುದು ಎಂಟನೇ ಕ್ಲಾಸಿಗಿಂತ ಮೇಲಿನ ಪಾಠವೇ?

ಎದ್ದಾಗ ಬಿಸಿಲು ಬಂದಿತ್ತು. ಕಣದಿಂದ ಹಬೆ ಏಳುತ್ತಿತ್ತು. ಅಂಚಿನ ಕಾಫಿ ನೀರಿನೊಂದಿಗೆ ಚರಂಡಿಗೆ ಇಳಿದಿತ್ತು.

ಸಂಜೆ ಅಕ್ಕ ಬಂದಳು. ಜೀಪಿನಿಂದ ಇಳಿದವಳು ಮನೆಗೆ ಬರಲಿಲ್ಲ, ನೇರ ಕಣಕ್ಕೆ ಹೋದಳು. ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಕಾಫಿ ಎತ್ತಿ ಮೂಸಿದಳು. ಏನಾಯಿತೆಂದು ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಏನೋ.

"ಸದ್ದೇ ಕೇಳ್ಲಿಲ್ಲ ಅಕ್ಕ" ಅಂದೆ. "ಈ ಶೀಟೇ ಹಂಗೆ. ನಾನು ರೂಮಿನಲ್ಲೇ ಇದ್ದೆ, ಬರೀತಾ ಇದ್ದೆ. ಒಂದು ಚೂರೂ ಕೇಳ್ಲಿಲ್ಲ."

ಅವಳು ಕೈಯಲ್ಲಿದ್ದ ಕಾಫಿಯನ್ನು ಕಣಕ್ಕೆ ಬಿಟ್ಟಳು. "ನಂದೇ ತಪ್ಪು. ಹಳೇ ಶೀಟು ಬಿಚ್ಚೋಕೆ ನಾನು ಒಪ್ಪಬಾರದಿತ್ತು" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತನ್ನನ್ನೇ ಬೈದುಕೊಂಡಳು. ನಾನು ಪಕ್ಕದಲ್ಲೇ ನಿಂತು, ಅದು ನ್ಯಾಯವೆನ್ನುವ ಹಾಗೆ ತಲೆ ತಗ್ಗಿಸಿದೆ.

ಒಮ್ಮೆ ಹೇಳಿದ ಸುಳ್ಳನ್ನು ಮನೆಯಲ್ಲೇ ಕಟ್ಟಿಹಾಕಲು ಆಗುತ್ತದೆಯೇ? ಗೋಣಿಬೀಡಿನ ಹೋಟೆಲಿನಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ. "ಆ ಪಫ್ ಶೀಟ್ ಸಹವಾಸ ಬೇಡ ಮಾರಾಯ್ರೆ, ಮೋಡ ಒಡೆದು ತಲೆ ಮೇಲೆ ಬಿದ್ರೂ ಕೇಳಲ್ಲ." ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂತು. ಬಾಳೂರಿನ ಕಡೆ ಹೋಮ್‌ಸ್ಟೇ ಕಟ್ಟುತ್ತಿದ್ದ ಒಬ್ಬರು ರಫೀಕ್‌ಗೆ ಕೊಟ್ಟಿದ್ದ ಆರ್ಡರ್ ಕ್ಯಾನ್ಸಲ್ ಮಾಡಿದರೆಂದು ಸುದ್ದಿಯೂ ಬಂತು.

ಅದಾದ ಮೇಲೆ ಅಕ್ಕ ಹೇಳಿ ಕಳಿಸಿದಳೆಂದು ರಫೀಕ್ ಬಂದ.

"ಬೇಜಾರು ಮಾಡ್ಕೋಬೇಡ ರಫೀಕ್. ನಮಗೆ ಇದು ಆಗಿಬರ್ಲಿಲ್ಲ. ಬಿಚ್ಚಿ ಹಳೇದೇ ಹಾಕಿಬಿಡು" ಅಂದಳು ಅಕ್ಕ.

ಅವನು ಮಾಡನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಅಣ್ಣ, ಕಡಿಮೆ ಆಗ್ತದೆ, ಪೂರ್ತಿ ಹೋಗಲ್ಲ ಅಂತ ನಾನು ಹೇಳಿದ್ದೆ ಅಲ್ವಾ?"

"ಹೇಳಿದ್ದಿರಬಹುದು" ಅಂದೆ.

"ಒಂದು ನಾಲ್ಕು ಕೊಡ ನೀರು ಮೇಲೆ ಸುರೀಲಾ ಅಕ್ಕ? ಕೇಳ್ತದಾ ಇಲ್ವಾ ಅಂತ ಈಗಲೇ ನೋಡಿಬಿಡುವ."

"ಕೊಡದ ನೀರು ಮಳೆ ಆಗ್ತದೇನೋ?" ನಾನು ನಡುವೆ ಬಾಯಿ ಹಾಕಿದೆ. "ಬಾವಿ ತಳ ಕಾಣ್ತಾ ಇದೆ. ಇವನು ಮಾಡಿಗೆ ಸ್ನಾನ ಮಾಡಿಸ್ತಾನಂತೆ."

ರಫೀಕ್ ವಾದ ಮಾಡಲಿಲ್ಲ. "ಆಯ್ತು. ಹೂಮಳೆ ಬರ್ಲಿ ಅಕ್ಕ. ನೀವೇ ಇದರ ಅಡಿಯಲ್ಲಿ ಕೂತು ಕೇಳಿ. ಕೇಳ್ಲಿಲ್ಲ ಅಂದ್ರೆ ನಾನೇ ಬಂದು ಬಿಚ್ತೀನಿ, ಕೂಲಿಯೂ ಬೇಡ. ಆದ್ರೆ ಕೇಳಿದ್ರೆ ನಾಲ್ಕು ಜನಕ್ಕೆ ಹೇಳಿ. ಈಗ ಯಾರೂ ನನ್ನ ಅಂಗಡಿ ಮೆಟ್ಟಿಲು ಹತ್ತುತಾ ಇಲ್ಲ."

ಅಲ್ಲಿಗೆ ನನ್ನ ಹೂಮಳೆಯ ಭಯ ಶುರುವಾಯಿತು.

ಆ ದಿನಗಳನ್ನು ಹೇಗೆ ವಿವರಿಸಲಿ? ಮೋಡ ಕಂಡರೆ ಊರಿಗೆಲ್ಲ ಸಂತೋಷ, ನಾನು ಮುಖ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಕಣ ತೋಯಿಸಿದ ಆ ಮಳೆ ಗಿಡಕ್ಕೆ ಸಾಲದೆ ಮೊಗ್ಗು ಹಾಗೇ ನಿಂತಿತ್ತು, ಎಲೆ ಬಾಡಿ ಜೋತಿತ್ತು. ಒಂದು ದಿನ ಅಕ್ಕ ಮಳೆಗಾಗಿ ಪೂಜೆ ಮಾಡಿಸಲು ದೇವಸ್ಥಾನಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಅವಳು ಕಣ್ಣುಮುಚ್ಚಿ ಮಳೆ ಬೇಡಿದಳು. ಪಕ್ಕದಲ್ಲಿ ನಿಂತು ನಾನು ಬೇಡವೆಂದೆ. ಒಂದೇ ಮಂಗಳಾರತಿಗೆ ಅಕ್ಕ ತಮ್ಮ ಇಬ್ಬರಿಂದ ಎರಡು ಅರ್ಜಿ. ದೇವರಾದರೂ ಏನು ಮಾಡಬೇಕು?

ಆಮೇಲೆ ನಾಚಿಕೆಯಾಗಿ ಅರ್ಜಿಯನ್ನು ಸ್ವಲ್ಪ ತಿದ್ದಿದೆ. ಮಳೆ ಬರಲಿ, ಆದರೆ ಅಕ್ಕ ತೋಟದಲ್ಲಿದ್ದಾಗ ಬರಲಿ.

ಮಳೆ ಬಂದದ್ದು ಅಕ್ಕ ಗ್ಲಾಸ್ ರೂಮಿನಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ. ಮೊದಲು ಗಾಳಿ. ನಾನು ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿದೆ. (ಕೊನೆಯ ಪ್ರಯತ್ನ.) ಆಮೇಲೆ ಮಾಡಿನ ಮೇಲೆ ಅದೇ ಸದ್ದು, ಮೊರದಲ್ಲಿ ಅಕ್ಕಿ ಆಡಿಸಿದಂತೆ. ಜೋರಾಗಿ ಅಲ್ಲ. ಸ್ಪಷ್ಟವಾಗಿ. ಪಕ್ಕದ ಅಡುಗೆಮನೆಯಿಂದ ಕೆಲಸದ ಗಿರಿಜ "ಅಮ್ಮಾ, ಮಳೆ ಬಂತು" ಎಂದು ಕೂಗಿದಳು.

ಅಕ್ಕನ ಮುಖ ಅರಳಿತು. ಕೈ ಜೋಡಿಸಿದಳು. ಮೇಲೆ ನೋಡಿದಳು. ಹಾಗೆಯೇ ನೋಡುತ್ತ ಕೂತಳು, ಅರಳಿದ ಮುಖ ನಿಧಾನವಾಗಿ ಸಪ್ಪಗಾಗುವವರೆಗೆ. ನನ್ನ ಕಡೆ ತಿರುಗಲಿಲ್ಲ. ಎದ್ದು ಫೋನ್ ಎತ್ತಿ ಆಲ್ದೂರಿಗೆ ಮಾಡಿದಳು.

"ರಫೀಕ್, ನಾನು ಗೋಣಿಬೀಡಿಂದ. ಇಲ್ಲಿ ಕೇಳು" ಎಂದು ರಿಸೀವರನ್ನು ಮಾಡಿನ ಕಡೆಗೆ ಕೈಯೆತ್ತಿ ಹಿಡಿದಳು. ಸ್ವಲ್ಪ ಹೊತ್ತು ಬಿಟ್ಟು ಕಿವಿಗಿಟ್ಟುಕೊಂಡಳು. "ಕೇಳ್ತಾ?"

ಆ ಕಡೆಯಿಂದ ಅವನ ದನಿ ನನಗೂ ಕೇಳಿತು. "ಕೇಳ್ತದೆ ಅಕ್ಕ. ಚೆನ್ನಾಗಿ ಬರ್ತಾ ಇದೆ ಮಳೆ."

"ಹೂಂ. ಬಿಚ್ಚೋದು ಬೇಡ. ಹೇಳಬೇಕಾದವರಿಗೆ ನಾನು ಹೇಳ್ತೀನಿ" ಎಂದು ಫೋನಿಟ್ಟಳು.

ಮಳೆ ನಿಂತಿತು. ಫೋನ್ ಶುರುವಾಯಿತು. ಪಕ್ಕದ ತೋಟದವರು. ನಿಮ್ಮಲ್ಲಿ ಎಷ್ಟು?

"ನೋಡ್ಕೊಂಡು ಬರ್ತೀನಿ" ಎಂದು ನಾನು ಚಪ್ಪಲಿ ಮೆಟ್ಟಿದೆ.

"ನೀನು ಕೂತ್ಕೋ ಚಂದ್ರ" ಅಂದಳು ಅಕ್ಕ. "ನಾನೇ ನೋಡ್ತೀನಿ."

ಒದ್ದೆ ಅಂಗಳದಲ್ಲಿ ಸೀರೆ ಎತ್ತಿ ಹಿಡಿದು ಅವಳು ರೇನ್‌ಗೇಜಿನ ಕಡೆ ನಡೆದುಹೋಗುವುದು ಗಾಜಿನಾಚೆ ಕಾಣುತ್ತಿತ್ತು. ಮೂರು ಕಡೆಯೂ ಗಾಜಲ್ಲವೇ, ಎಲ್ಲ ಕಾಣುತ್ತದೆ. ಅಂದಿನಿಂದ ಮಳೆ ಅಳೆಯುವವಳು ಅವಳೇ. ಆ ಮಧ್ಯಾಹ್ನ ನನಗೆ ಕೇಳಿಸಿತ್ತು ಎಂದು ಬಾಯಿಬಿಟ್ಟು ಹೇಳಲು ಇನ್ನೂ ಆಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ ಈ ಪತ್ರಿಕೆ ಓದುತ್ತಾಳೆ. ಹೋಟೆಲಿನಲ್ಲಿ, ಬಸ್ಸಿನಲ್ಲಿ ನನ್ನ ಮಾತು ಕೇಳಿದವರೂ ಓದುತ್ತಾರೆ. ರಫೀಕ್‌ನ ಶೀಟಿನಲ್ಲಿ ಯಾವ ದೋಷವೂ ಇಲ್ಲ. ಧೈರ್ಯವಾಗಿ ಹಾಕಿಸಿ.

ಆಲ್ದೂರಿನಲ್ಲಿ ಕೂತವನಿಗೆ ಕೇಳಿಸುವ ಮಳೆ ಅದರಡಿಯಲ್ಲೇ ಮಲಗಿದ್ದವನಿಗೆ ಕೇಳಿಸಲಿಲ್ಲವೆಂದರೆ, ನೀವಾದರೂ ನಂಬುತ್ತಿದ್ದಿರಾ?