ಟೇಪಿನ ಗೆರೆ

ಗೆಳೆಯರೇ, ಮೂರು ವರ್ಷದಿಂದ ಮುಚ್ಚಿಟ್ಟದ್ದೊಂದಿದೆ. ಗೋಡೆ ಮತ್ತು ಸೀಲಿಂಗ್ ಕೂಡುವಲ್ಲಿ ನಾನು ಬಣ್ಣದ ಗೆರೆ ಎಳೆಯುವುದು ಬರಿಗೈಯಲ್ಲಲ್ಲ, ಟೇಪ್ ಅಂಟಿಸಿ. ಬರಿಗೈ ಎಂದು ಹೇಳಿಯೇ ನಮ್ಮ ಮೇಸ್ತ್ರಿ ಕೆಲಸ ಹಿಡಿಯುತ್ತಿದ್ದರು.

ಇವತ್ತು ಸಿದ್ದಾಪುರದಲ್ಲಿ ಮನೆ ಯಜಮಾನ ಹೆಗಡೇರು ತಮ್ಮ ಭಾವನನ್ನು ಕರೆತಂದು ಗೆರೆ ತೋರಿಸಿದರು. "ಚೂರೂ ಸೊಟ್ಟ ಇಲ್ಲೆ! ಬರೀ ಕೈಯಲ್ಲಿ ಎಳದ್ದಡ. ಹೌದನಾ ತಮಾ?"

"ಇಲ್ಲ ಹೆಗಡೇರೇ, ಟೇಪು" ಎಂದೆ ಏಣಿ ಮೇಲಿಂದ.

ಅವರ ಮುಖ ಸಣ್ಣದಾಯಿತು. "ಟೇಪಿಂದು ನಂಗೆ ಬ್ಯಾಡ. ಅಳಿಸಿ ಕೈಯಲ್ಲೇ ಎಳೀರಿ."

ಮೇಸ್ತ್ರಿ ನನ್ನನ್ನು ಏಣಿಯಿಂದ ಇಳಿಸಿದರು. "ನಿನ್ನ ಸತ್ಯಾನ ನಿನ್ನ ಮನೆ ಗೋಡೆಗೆ ಬಳ್ಕೋ ಹೋಗು" ಎಂದು ತಾವೇ ಹತ್ತಿದರು. ಗೆರೆ ಹಾವಿನಂತೆ ಹರಿಯಿತು.

"ನೋಡು ಭಾವ, ಕೈಕೆಲಸ ಅಂತ ಈಗ ಕಾಣ್ತು!" ಎಂದರು ಹೆಗಡೇರು.

ನನ್ನ ಕೆಲಸ ಹೋಯಿತು. ನಾಳೆ ಬೆಳಗಿನ ಬಸ್ಸಿಗೆ ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗುತ್ತೇನೆ.