ಕೂಸಿನ ಕೆಮ್ಮು ನಿಂತ ಮುಂಜಾನೆ

ನಾನು ಹಲಗೇರಿಯಿಂದ ಬ್ಯಾಡಗಿಗೆ ಸೊಸೆಯಾಗಿ ಬಂದದ್ದು ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷಗಳಲ್ಲಿ, ಮೆಣಸಿನಕಾಯಿ ಸುಗ್ಗಿಯ ನಡುವೆ. ಹೊಸ್ತಿಲ ಮೇಲಿನ ಅಕ್ಕಿ ಒದೆಯುವ ಮೊದಲೇ ಕೆಮ್ಮು ಶುರುವಾಯಿತು. ಆರತಿ ಹಿಡಿದು ನಿಂತ ಹೆಂಗಸರೆಲ್ಲ ನಕ್ಕರು. ಆ ಊರಲ್ಲಿ ಹೊಸಬರ ಕೆಮ್ಮು ಒಂದು ತಮಾಷೆ. ಸೊಸೆ ಕೆಮ್ಮುವುದು ಬಿಟ್ಟ ದಿನ ಅವಳು ಊರಿನವಳಾದಳು ಎಂದು ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಕಣ್ಣಲ್ಲಿ ನೀರು ಸುರಿಸಿಕೊಂಡು ನಿಂತವಳ ಮುಂದೆ ನಗುವುದು ಎಂಥ ಸ್ವಾಗತವೋ, ಇವತ್ತಿಗೂ ಅರ್ಥವಾಗಿಲ್ಲ.

ನಮ್ಮ ಮನೆ ಮಾರುಕಟ್ಟೆಯ ಹಿಂದೆ, ತಗ್ಗಿನ ಓಣಿಯಲ್ಲಿತ್ತು. ಅತ್ತೆ ಅಂಗಳದ ತಗಡಿನ ಚಪ್ಪರದಲ್ಲಿ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ನಡೆಸುತ್ತಿದ್ದರು. ಓಣಿಯ ತುದಿಗೆ ಕಾರಪುಡಿಯ ಗಿರಣಿ. ಬೇಸಿಗೆಯಲ್ಲಿ ಕಾಗಿನೆಲೆ ಕಡೆಯಿಂದ ಗಾಳಿ ಎದ್ದರೆ ಧೂಳೆಲ್ಲ ಮೋಟೆಬೆನ್ನೂರಿನ ಹೊಲಗಳತ್ತ ಹೋಗಿಬಿಡುತ್ತಿತ್ತು. ಆಗ ಬಾಗಿಲು ಕಿಟಕಿ ತೆರೆದು ಹಾಸಿಗೆ ಕೊಡವುತ್ತಿದ್ದೆವು.

ಚಳಿಗಾಲದ ಮಾತೇ ಬೇರೆ. ಬಯಲಿನ ತಣ್ಣನೆ ಗಾಳಿಯೆಲ್ಲ ರಾತ್ರಿಯಿಡೀ ನಮ್ಮ ತಗ್ಗಿಗೆ ಇಳಿದು ಕೂರುತ್ತಿತ್ತು, ಬೆಳಗಾದರೂ ಏಳುತ್ತಿರಲಿಲ್ಲ. ಅದರ ಮೇಲೆ ಮಂಜು. ಮೇಲಿನ ರಸ್ತೆಯಲ್ಲಿ ಜನ ಬಿಸಿಲು ಕಾಯುತ್ತ ಚಹಾ ಕುಡಿಯುವಾಗ ನಮಗೆ ಎದುರು ಮನೆಯ ಬಾಗಿಲು ಕಾಣುತ್ತಿರಲಿಲ್ಲ. ಬಚ್ಚಲೊಲೆಯ ಹೊಗೆ ಸೂರಿನೆತ್ತರಕ್ಕೆ ಹೋಗಿ, ಯಾರೋ ಮುಚ್ಚಳ ಹಾಕಿದಂತೆ ಅಲ್ಲೇ ತಡೆದು, ಅಡ್ಡಡ್ಡ ಹರಡಿ ಮತ್ತೆ ಅಂಗಳಕ್ಕೆ ಇಳಿಯುತ್ತಿತ್ತು. ಗಿರಣಿಯ ಪುಡಿ, ತೊಟ್ಟಿನ ಧೂಳು, ಲಾರಿಗಳ ಹೊಗೆ ಎಲ್ಲವೂ ಅದರ ಕೆಳಗೆ, ನಮ್ಮ ಜೊತೆಗೇ. ಅಂಥ ದಿನ ತಾಟಿನ ಮೇಲೆ ಬೆರಳಾಡಿಸಿದರೆ ತುದಿಗೆ ಕೆಂಪು ಹತ್ತುತ್ತಿತ್ತು. ಒರೆಸಿಟ್ಟ ತಾಟನ್ನು ಊಟಕ್ಕೆ ಮತ್ತೆ ತೊಳೆಯಬೇಕಿತ್ತು.

ಎರಡನೆಯ ಚಳಿಗಾಲ ಮುಗಿಯುವಷ್ಟರಲ್ಲಿ ನನ್ನ ಕೆಮ್ಮು ನಿಂತಿತು. ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಸುಳ್ಳು ಯಾಕೆ, ನನಗೂ ಹೆಮ್ಮೆಯೇ ಆಯಿತು. ಈ ವರ್ಷ ಘಾಟು ಕಡಿಮೆ ಎಂದೇ ತಿಳಿದಿದ್ದೆ.

ಅದರ ಮುಂದಿನ ವರ್ಷ ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಹಲಗೇರಿಯಲ್ಲಿ ನಕ್ಕೊಂತ ಆಡುತ್ತಿದ್ದ ಕೂಸು, ಚಳಿಯಲ್ಲಿ ಈ ತಗ್ಗಿಗೆ ಇಳಿದದ್ದೇ ತಡ, ಕೆಮ್ಮತೊಡಗಿತು. ಮಂಜು ದಿನಗಟ್ಟಲೆ ಕದಲಲಿಲ್ಲ. ಕೂಸೂ ಬಿಡದೆ ಕೆಮ್ಮಿತು. ನನ್ನ ಗಂಡ ವೈದ್ಯರಲ್ಲಿಗೆ ಹೋಗೋಣವೆಂದರೆ ಅತ್ತೆ, ಬ್ಯಾಡಗಿಯ ಯಾವ ಕೂಸು ಕೆಮ್ಮದೆ ಬೆಳೆದಿದೆ ಎಂದು ಕೇಳಿದರು. "ರೂಢಿ ಆಕ್ಕೈತಿ ಬಿಡು" ಎಂದು ನನ್ನ ಬೆನ್ನು ಸವರಿದರು. ಅವರಿಗೆ ಕೂಸೆಂದರೆ ಜೀವ. ಅವರ ನಾಲ್ಕು ಮಕ್ಕಳೂ ಇದೇ ಚಪ್ಪರದ ಕೆಳಗೆ ಅಂಬೆಗಾಲಿಟ್ಟವರು.

ಒಂದು ಸಂಜೆ ಕೆಮ್ಮು ತಾನಾಗಿಯೇ ನಿಂತಿತು. ಮನೆಯವರೆಲ್ಲ ನೆಮ್ಮದಿಯಿಂದ ಮಲಗಿದೆವು.

ಮುಂಜಾನೆ ಎದ್ದರೆ ಕೂಸು ಮೊಲೆ ಹಿಡಿಯಲೊಲ್ಲದು. ಅಳಲೂ ಇಲ್ಲ. ಕಣ್ಣು ಅರೆ ತೆರೆದು ಸುಮ್ಮನೆ ಬಿದ್ದಿತ್ತು. ಗಂಡ ಆಗಲೇ ಮಾರುಕಟ್ಟೆಗೆ ಹೋಗಿದ್ದ. ಅತ್ತೆ ದೃಷ್ಟಿಯಾಗಿದೆ ಎಂದರು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೂಸಿಗೆ ನಿವಾಳಿಸಿ ಬಚ್ಚಲೊಲೆಯ ಕೆಂಡಕ್ಕೆ ಹಾಕಿದರು. ಘಾಟು ಎದ್ದು ಮನೆಯವರು ಕೆಮ್ಮಿದರೆ ದೃಷ್ಟಿಯಿಲ್ಲ, ಘಾಟು ಬಾರದಿದ್ದರೆ ದೃಷ್ಟಿ ಗಟ್ಟಿಯಾಗಿದೆ ಎಂಬುದು ಎಲ್ಲ ಮನೆಗಳ ಲೆಕ್ಕ. ಕಾಯಿ ಕರ್ರಗಾಗಿ ಸುಟ್ಟವು. ಹೊಗೆ ಮೇಲೇರದೆ ಬಾಗಿಲಿನಿಂದ ಒಳಗೇ ಬಂತು. ಅತ್ತೆ ಕೆಮ್ಮಲಿಲ್ಲ. ನಾನು ಕೆಮ್ಮಲಿಲ್ಲ. ತೊಡೆಯ ಮೇಲಿನ ಕೂಸೂ ಕೆಮ್ಮಲಿಲ್ಲ.

ಅತ್ತೆಯ ಮುಖ ಬಿಳಿಚಿಕೊಂಡಿತು. "ದೃಷ್ಟಿ ಭಾಳ ಆಗೇತಿ" ಎಂದು ಇನ್ನೊಂದು ಮುಷ್ಟಿ ತಂದು ಸುರಿದರು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಯಾರೋ ಕರುಳು ಕಿತ್ತುಬರುವ ಹಾಗೆ ಕೆಮ್ಮುವುದು ಕೇಳಿಸಿತು. ಮಂಜಿನಲ್ಲಿ ಆಳು ಕಾಣಲಿಲ್ಲ, ಕೆಮ್ಮಷ್ಟೇ ಹತ್ತಿರ ಬಂತು. ಅದು ನನ್ನ ಅವ್ವ. ಮೊಮ್ಮಗಳನ್ನು ನೋಡಲು ಮೊದಲ ಬಸ್ಸಿಗೇ ಬಂದಿದ್ದಳು. ಮೂಗಿಗೆ ಸೆರಗು ಒತ್ತಿ, ಬಾಗಿಲ ಚೌಕಟ್ಟು ಹಿಡಿದು ನಿಂತು ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಕೂಸನ್ನು ನೋಡಿದಳು.

"ಇಷ್ಟು ಘಾಟಿನ್ಯಾಗ ಕೂಸು ಯಾಕ ಕೆಮ್ಮವಲ್ದು?" ಎಂದಳು.

ಕೂಸಿನ ಅಂಗಿ ಎತ್ತಿದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿತ್ತು. ತುಟಿಯ ಸುತ್ತ ನೀಲಿ. ಕೂಸನ್ನು ಎದೆಗವುಚಿಕೊಂಡು, ಚಪ್ಪಲಿ ಸಹ ಮೆಟ್ಟದೆ, ಅವ್ವನ ಜೊತೆ ಓಡಿದೆ.

ಆಟೋ ಮೇಲಿನ ರಸ್ತೆಗೆ ಏರಿದ ಕೂಡಲೇ ಬಿಸಿಲು ಕಣ್ಣಿಗೆ ಹೊಡೆಯಿತು. ಅವ್ವನ ಕೆಮ್ಮು ಅಲ್ಲೇ ನಿಂತಿತು. ತಿರುಗಿ ನೋಡಿದರೆ ಓಣಿಯೇ ಇಲ್ಲ, ತಗ್ಗಿನ ತುಂಬ ಮಾಸಲು ಬಿಳುಪು, ಅದಕ್ಕೆ ನಸುಗೆಂಪು ಅಂಚು. ಅದರೊಳಗೆ ಆ ಹೊತ್ತಿಗೆ ತೊಟ್ಟು ಬಿಡಿಸುವವರು ಬಂದು ಕೂತಿರಬೇಕು.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಔಷಧಿಯ ಹಬೆ ಹಿಡಿದರು. ಎದೆಯೊಳಗಿನ ದಾರಿಗಳು ಮುಚ್ಚಿಕೊಂಡು, ಕೆಮ್ಮುವುದಕ್ಕೂ ಉಸಿರು ಸಾಲದೆ ಹೀಗೆ ಸುಮ್ಮನಾಗಿದೆ ಎಂದು ವೈದ್ಯರು ಹೇಳಿದರು. ಹಬೆ ಮುಗಿಸಿ ಮತ್ತೆ ಹಿಡಿದರು, ಮತ್ತೆ ಹಿಡಿದರು. ಗೋಡೆಗೆ ಆತು ನಿಂತೇ ಇದ್ದೆ. ಯಾವ ದೇವರನ್ನು ನೆನೆದೆನೋ ನೆನಪಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಗಂಜಿಯ ಡಬ್ಬಿ ಹಿಡಿದು, ನನ್ನ ಗಂಡನ ಹಿಂದೆ ಬಂದರು. ಅದೇ ಹೊತ್ತಿಗೆ ಕೂಸಿನ ಎದೆ ಒಮ್ಮೆ ಗೊರ್ ಎಂದಿತು. ಆಮೇಲೆ ಅದು ಕೆಮ್ಮಿತು, ಮುಖ ಕೆಂಪಗೆ ಮಾಡಿಕೊಂಡು, ಒಂದರ ಹಿಂದೆ ಒಂದು. ನಾನು ಅವ್ವನ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟೆ.

ಅತ್ತೆ ಹೆದರಿದರು. ಮತ್ತೆ ಕೆಮ್ಮು ಶುರುವಾಯಿತಲ್ಲ ಎಂದು ಡಬ್ಬಿ ಕೆಳಗಿಟ್ಟು ಕೈಮುಗಿದರು.

"ಕೆಮ್ಮಲಿ ಬಿಡ್ರಿ" ಎಂದೆ. "ನಿಂತರ ನನಗ ಹೇಳ್ರಿ."