ಎಂಟು ಕೈಯ ಜೀವಿ ಮತ್ತು ನಮ್ಮ ಮಗ್ಗದ ಶೆಡ್ಡು

ಆಕಾಶನೌಕೆಯ ಕಥೆ ಎಂದರೆ ಗ್ರಹಗಳು ಢಮಾರ್ ಎನ್ನಬೇಕು ಎಂದು ನಂಬಿದ್ದವನು ನಾನು. ಮಗಳು ಫೋನಿಗೆ ಹಾಕಿಕೊಟ್ಟ ಪುಸ್ತಕದಲ್ಲಿ ನೂರು ಪುಟ ಕಳೆದರೂ ಒಂದು ಪಟಾಕಿಯೂ ಸಿಡಿಯಲಿಲ್ಲ. ಯಾವುದೋ ಚಂದ್ರನ ಮೇಲೆ ಒಬ್ಬ ಹೆಂಗಸು, ಜೊತೆಗೆ ಎಂಟು ಕೈಯ, ಕಿವಿಯೇ ಇಲ್ಲದ ಒಂದು ಜೀವಿ. ಇಬ್ಬರೂ ಸೇರಿ ಹಾದುಹೋಗುವ ನೌಕೆಗಳಿಗೆ ದೀಪ ಹಚ್ಚುತ್ತಾರೆ, ಸೋರುವ ಪೈಪಿಗೆ ಬಟ್ಟೆ ಸುತ್ತುತ್ತಾರೆ, ಡಬ್ಬಿಯಲ್ಲಿ ಬದನೆ ಗಿಡ ಬೆಳೆಸುತ್ತಾರೆ. 'ಊಟ ಆಯ್ತಾ?' ಎಂದು ಅದರ ಕೈಭಾಷೆಯಲ್ಲಿ ಕೇಳುವುದನ್ನು ಕಲಿಯಲು ಅವಳಿಗೆ ಅರವತ್ತು ಪುಟ ಬೇಕಾಯಿತು. ಬರೆದವರಿಗೆ ಬೇರೆ ಕೆಲಸ ಇರಲಿಲ್ಲವೇ ಎಂದು ಬೈದುಕೊಂಡೇ ಓದಿದೆ. ಬಿಡಲಾಗಲಿಲ್ಲ.

ನಾನು ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುವವನು. ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿರುಚಿದರೂ ಕೇಳದು. ನಾವೆಲ್ಲ ತುಟಿ ನೋಡಿ, ಕೈ ಆಡಿಸಿ ಮಾತಾಡುತ್ತೇವೆ. ಇಡೀ ದಿನ ಆ ಸದ್ದಿನಲ್ಲಿ ತಲೆ ಚಿಟ್ಟು ಹಿಡಿದವನಿಗೆ ಮತ್ತೆ ಗುಂಡಿನ ಸದ್ದು ಯಾಕೆ ಬೇಕು? ಒಬ್ಬರಿಗೊಬ್ಬರು ಅರ್ಥವಾಗುವವರೆಗೆ ಕಾಯುವವರು ಎಲ್ಲೋ ಒಂದು ಕಡೆ ಇದ್ದಾರೆ ಎಂದು ಓದುವುದೇ ನನಗೆ ಸುಖವಾಗಿತ್ತು.

ಕರೆಂಟು ಹೋದಾಗಲೆಲ್ಲ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ ಕೂತು ಆ ಕಥೆಯನ್ನು ನನ್ನ ಗೆಳೆಯನಿಗೆ ಹೇಳುತ್ತಿದ್ದೆ. ಇಪ್ಪತ್ತು ವರ್ಷದಿಂದ ನನ್ನ ಪಕ್ಕದ ಮಗ್ಗ ಅವನದು.

"ಅರವತ್ ಪುಟಾನಾ? ನಾವು ದಿನಾ ಕೈಯಲ್ಲೇ ಕೇಳ್ತೀವಲ್ಲಲೇ! ಅವ್ಳನ್ನ ನಮ್ ಶೆಡ್ಡಿಗ್ ಕಳ್ಸು, ಒಂದ್ ವಾರದಲ್ಲಿ ಬೈಗುಳಾನೂ ಕಲಿಸ್ತೀನಿ" ಎನ್ನುತ್ತಿದ್ದ. ನಾನು ಫೋನ್ ನೋಡಿಕೊಂಡು ಓದಲು ಹೊರಟರೆ ಮಾತ್ರ ಸಿಡುಕುತ್ತಿದ್ದ. "ಫೋನಿಗ್ ಹೇಳ್ತಿದ್ದೀಯಾ, ನನಗ್ ಹೇಳ್ತಿದ್ದೀಯಾ? ಮುಖ ಎತ್ತಿ ಹೇಳು." ನಾನು ಕಥೆ ಹೇಳುವ ಕಲೆಗೆ ಮರುಳಾಗಿದ್ದಾನೆಂದು ಒಳಗೊಳಗೇ ಉಬ್ಬಿದ್ದೆ.

ಒಂದು ಮಧ್ಯಾಹ್ನ ಟೀ ಕುಡಿಯಲು ಹೋಗುವಾಗ ಅವನ ಬೆನ್ನಿಗೇ ಬಂದ ಟೆಂಪೋ ಹಾರ್ನ್ ಹೊಡೆಯುತ್ತಲೇ ಇತ್ತು. ಅವನು ಮಾವನ ಮನೆ ಅಂಗಳವೆಂಬಂತೆ ನಡುರಸ್ತೆಯಲ್ಲೇ ನಡೆಯುತ್ತಿದ್ದ. ಕಾಲರ್ ಹಿಡಿದು ಎಳೆದೆ. ಆಗಲೂ ಅವನು ನೋಡಿದ್ದು ಟೆಂಪೋವನ್ನಲ್ಲ, ನನ್ನ ತುಟಿಯನ್ನು. ಕಲೆಯೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಕಿವಿ ಕೇಳುತ್ತಿರಲಿಲ್ಲ.

"ಯಾರ್ಗೂ ಹೇಳ್ಬೇಡ ಕಣೋ. ಲಾಳಿ ಸದ್ದು ಬದಲಾದ್ರೆ ಇವನಿಗ್ ಗೊತ್ತಾಗಲ್ಲ ಅಂತ ಮಗ್ಗ ಬಿಡಿಸ್ಬಿಡ್ತಾರೆ" ಎಂದ. ಮಗ್ಗದ ಮೇಲೆ ಅಂಗೈ ಇಟ್ಟು, ಅದರ ನಡುಕದಲ್ಲೇ ಎಲ್ಲ ತಿಳಿದುಕೊಳ್ಳುತ್ತಿದ್ದನಂತೆ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ನನ್ನ ಮೇಲೇ. ಎಂಟು ಕೈಯ ಆ ಪ್ರಾಣಿಗಾಗಿ ಕಣ್ಣೀರು ಹಾಕಿದ್ದೆ, ಎರಡು ಕೈಯ ಇವನನ್ನು ಗಮನಿಸಿರಲಿಲ್ಲ.

"ಕಿವಿ ಮಿಷನ್ ಹಾಕಿಸ್ಕೊಳ್ಳೋವರ್ಗೂ ಕಥೆ ಇಲ್ಲ" ಎಂದೆ.

"ನಿನ್ ಕಥೇಲಿ ಆಗೋದಾದ್ರೂ ಏನು? ಬದನೇಕಾಯಿ ಬಿಡುತ್ತೆ, ಅಷ್ಟೇ ತಾನೇ" ಎಂದು ಹೊರಟುಹೋದ.

ಮುಂದೆ ಮೂರು ಸಲ ಕರೆಂಟು ಹೋದಾಗಲೂ ಕಟ್ಟೆಯ ಎರಡು ತುದಿಯಲ್ಲಿ ಮುಖ ಊದಿಸಿಕೊಂಡು ಕೂತೆವು. ನಾಲ್ಕನೆಯ ಸಲ ಅವನು ಎದುರಿಗೆ ಬಂದು, ಮುಷ್ಟಿಯನ್ನು ಬದನೆಕಾಯಿಯಂತೆ ತೂಗಾಡಿಸಿ, 'ಕಾಯಿ ಬಿಡ್ತಾ?' ಎಂಬಂತೆ ಹುಬ್ಬು ಹಾರಿಸಿದ. ನಾನು ನನ್ನ ಕಿವಿ ಮುಟ್ಟಿ ತೋರಿಸಿದೆ. ಮರುದಿನ ರಜೆ ಹಾಕಿ ಇಬ್ಬರೂ ಆಸ್ಪತ್ರೆಗೆ ಹೋದೆವು.

ಮಿಷನ್ ಬಂತು. ಅದನ್ನು ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದ ದಿನ ಅವನ ಮುಖದಲ್ಲಿ ರಕ್ತವಿರಲಿಲ್ಲ. ಮಾಲೀಕರು ಬಗ್ಗಿ ನೋಡಿ, "ನಂದೂ ಎಡಗಿವಿ ಹಂಗೇ ಆಗೋಗಿದೆ ಕಣಪ್ಪಾ, ಯಾವ್ ಡಾಕ್ಟ್ರು?" ಎಂದರು. ಮಗ್ಗ ಅವನದೇ ಆಗಿ ಉಳಿಯಿತು.

ಅವತ್ತೇ ಕರೆಂಟು ಹೋಯಿತು. ನಾನು ಗಂಟಲು ಸರಿಮಾಡಿಕೊಂಡು, ಫೋನ್ ತೆರೆದು, ತಲೆ ತಗ್ಗಿಸಿ ಕೊನೆಯ ಅಧ್ಯಾಯವನ್ನು ಓದತೊಡಗಿದೆ. ಅವನು ಎರಡು ಸಾಲು ಕೇಳಿದ. ಮುಖ ಸಿಂಡರಿಸಿದ. ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡ.

"ಥೂ, ನಿನ್ ದನಿ ಇಷ್ಟ್ ದರಿದ್ರ ಅನ್ನೋದೇ ಮರ್ತೋಗಿತ್ತು. ಕೈಯಲ್ಲೇ ಹೇಳು ಗುರು" ಎಂದು ನನ್ನೆದುರಿಗೆ ತಿರುಗಿ ಕೂತ.